ಬುಟ್ಟಿ ಹೊತ್ತವರು ಎಲ್ಲಿ?

ನಮಸ್ಕಾರ.

ನೀವು ಕಳಿಸಿದ ‘ಬ್ರಿಟಿಷರ ಕಾಲದ ಬೊಂಬಾಯಿ: ಸ್ವಚ್ಛತೆಯ ಕಥೆ’ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲು ಮನಸ್ಸಿಲ್ಲ. ಅದಕ್ಕೇ ಈ ಪತ್ರ.

ಮೊದಲ ಮೂರು ಪುಟ ತೆಗೆದುಬಿಡಿ. ಸಿಂಧೂ ಕಣಿವೆಯ ಚರಂಡಿಯಿಂದ ಶುರು ಮಾಡಿದ್ದೀರಿ. ಬೊಂಬಾಯಿ ಬರುವಷ್ಟರಲ್ಲಿ ಓದುಗ ಎದ್ದು ಹೋಗಿರುತ್ತಾನೆ.

ಲೇಖನದ ತುಂಬ ‘ಕಸ ಸಾಗಿಸಲಾಗುತ್ತಿತ್ತು’, ‘ಮಲ ತೆರವುಗೊಳಿಸಲಾಗುತ್ತಿತ್ತು’ ಅಂತಲೇ ಇದೆ. ಯಾರು ಸಾಗಿಸುತ್ತಿದ್ದರು? 1865ರಲ್ಲಿ ಮುನಿಸಿಪಲ್ ಕಮಿಷನರ್ ಆದ ಆರ್ಥರ್ ಕ್ರಾಫರ್ಡ್ ಪುಟಪುಟಕ್ಕೂ ಬರುತ್ತಾರೆ, ಬರಲಿ. ಆದರೆ ಮಲ ಹೊರುತ್ತಿದ್ದ ಹಲಾಲ್‌ಖೋರರು ಬರುವುದು ಒಂದೇ ಕಡೆ, ಅದೂ ‘ಹಲಾಲ್‌ಖೋರ್ ತೆರಿಗೆ’ ಅನ್ನುವ ಮಾತಿನಲ್ಲಿ! ಜಾತಿಯ ವಿಷಯ ಅಂತ ಹಿಂಜರಿದಿರೇನೋ. ಹಿಂಜರಿಯಬೇಡಿ. ಜಾತಿ ಬಿಟ್ಟರೆ ಈ ಕಥೆಯೇ ಇಲ್ಲ.

‘ಹೌಸ್ ಗಲ್ಲಿ’ಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ಎರಡು ಕಟ್ಟಡಗಳ ಬೆನ್ನಿನ ನಡುವೆ ಇಕ್ಕಟ್ಟಿನ ಸಂದು. ಮೇಲಿನ ಮಹಡಿಗಳ ಪಾಯಖಾನೆಯಿಂದ ಬಿದ್ದದ್ದೆಲ್ಲ ಕೆಳಗಿನ ಬುಟ್ಟಿಗೆ. ಮನೆಯ ಕೊಳೆನೀರೂ ಅದೇ ಸಂದಿನಲ್ಲಿ. ಆ ಬುಟ್ಟಿಯನ್ನು ಹೊತ್ತು ಹೊರಗಿನ ಗಾಡಿಗೆ ಸುರಿಯಬೇಕಿತ್ತು. ಮಳೆಗಾಲದಲ್ಲಿ ಹೇಗಿರುತ್ತಿತ್ತು ಅನ್ನುವುದನ್ನು ಓದುಗರೇ ಊಹಿಸುತ್ತಾರೆ. ‘ಹೃದಯವಿದ್ರಾವಕ’ ಅಂತ ನೀವು ಹೇಳಬೇಕಾಗಿಲ್ಲ.

ನಿಮ್ಮ ಲೇಖನದ ಜೀವ ಇರುವುದು ಒಂಬತ್ತನೇ ಪುಟದ ಅಡಿಟಿಪ್ಪಣಿಯಲ್ಲಿ. 1896ರ ಸೆಪ್ಟೆಂಬರ್‌ನಲ್ಲಿ ಬೊಂಬಾಯಿಯ ಮಾಂಡವಿ ಬಡಾವಣೆಯಲ್ಲಿ ಡಾ. ವಿಯೆಗಾಸ್ ಪ್ಲೇಗ್ ಪತ್ತೆ ಮಾಡಿದರು. ಮುನಿಸಿಪಾಲಿಟಿ ಕಾರ್ಬಾಲಿಕ್ ಆಸಿಡ್ಡು, ಸಮುದ್ರದ ನೀರು ಸುರಿದು ಚರಂಡಿ ತೊಳೆಸಿತು. ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಸಾಗಿಸುವ ಆದೇಶ ಹೊರಡಿಸಿತು. ಊರು ಸಿಟ್ಟಿಗೆದ್ದಿತು. ಅಕ್ಟೋಬರ್ ಕೊನೆಗೆ ಆಗಿನ ಮುನಿಸಿಪಲ್ ಕಮಿಷನರ್ ಸ್ನೋ ಆದೇಶ ಸಡಿಲಿಸಿದರು. ಯಾಕೆ? ಹಲಾಲ್‌ಖೋರರು ಹೆದರಿ ಊರು ಬಿಟ್ಟರೆ ಬೊಂಬಾಯಿಯಲ್ಲಿ ಯಾರೂ ಬದುಕಲಾಗದು ಅನ್ನುವ ಭಯ ಅವರಿಗಿತ್ತು. ಆ ಚಳಿಗಾಲದಲ್ಲಿ ಲಕ್ಷಗಟ್ಟಲೆ ಜನ ಊರು ಬಿಟ್ಟರು. ವ್ಯಾಪಾರಿಗಳು ಹೋದರೂ ಊರು ಹೇಗೋ ನಡೆಯಿತು. ಇವರು ಹೋದರೆ ನಡೆಯುತ್ತಿರಲಿಲ್ಲ. ಇಂಥದ್ದನ್ನು ಅಡಿಟಿಪ್ಪಣಿಗೆ ತಳ್ಳುವುದಾ? ಇಲ್ಲಿಂದಲೇ ಶುರು ಮಾಡಿ.

‘ಬ್ರಿಟಿಷರು ನಮಗೆ ಶುಚಿತ್ವ ಕಲಿಸಿದರು’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ವಿಹಾರ್ ಕೆರೆಯ ನೀರು 1860ರಲ್ಲೇ ಬಂತು. ಬಳಸಿದ ನೀರು ಹೊರಹೋಗಲು ಸರಿಯಾದ ಚರಂಡಿ ಇರಲಿಲ್ಲ, ನೆಲ ನೀರು ಕುಡಿದು ಕೊಳೆಯಿತು. ತಗ್ಗಿನ ಜಾಗಗಳನ್ನು ಊರಿನ ಕಸದಿಂದಲೇ ತುಂಬಿಸಿದರು. ಇವೆರಡೂ ನಿಮ್ಮ ಬರಹದಲ್ಲೇ ಇವೆ. ಆದರೆ ನಿಮ್ಮ ತೀರ್ಮಾನ ಮಾತ್ರ ಬೇರೆ ಕಡೆ ಓಡುತ್ತದೆ.

ಕೊನೆಯ ಪ್ಯಾರಾದ ಸ್ವಚ್ಛ ಭಾರತದ ಉಪದೇಶ ಬೇಡ. ಹುಬ್ಬಳ್ಳಿ-ಧಾರವಾಡ ಆಗ ಬೊಂಬಾಯಿ ಪ್ರೆಸಿಡೆನ್ಸಿಯಲ್ಲೇ ಇದ್ದವು, 1898ರ ಹೊತ್ತಿಗೆ ಪ್ಲೇಗ್ ಹುಬ್ಬಳ್ಳಿಯಲ್ಲೂ ಇತ್ತು. ಆ ಸಾಲು ಇರಲಿ. ಊರಿನ ಕಸ ಹೊತ್ತು ಚೆಂಬೂರಿನ ಕಡೆ ಹೋಗುತ್ತಿದ್ದ ಕಚ್ರಾ ರೈಲಿನ ಬಗ್ಗೆ ಇನ್ನೂ ಸ್ವಲ್ಪ ಸಿಕ್ಕರೆ ಸೇರಿಸಿ.

ಒಂದೂವರೆ ಸಾವಿರ ಪದ ಸಾಕು. ಮುಂದಿನ ತಿಂಗಳು ಹತ್ತನೇ ತಾರೀಖಿನೊಳಗೆ ಕಳಿಸಿ. ಪುಟಗಳ ಫೋಟೊ ಬೇಡ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ.