ಆ ನೀರು ಎಲ್ಲಿಂದ ಬರುತ್ತೆ?

ದೊಡ್ಡಬಳ್ಳಾಪುರ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: “ಮಗಳು ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿ, ಯುಪಿಎಸ್‌ಸಿ ಪರೀಕ್ಷೆ ಬರೆದು, ಕೇಂದ್ರ ಅಂತರ್ಜಲ ಮಂಡಳಿಗೆ ಸೈಂಟಿಸ್ಟ್-ಬಿ ಆಗಿ ಆಯ್ಕೆಯಾಗಿದ್ದಾಳೆ. ಊರಿನವರು ಮಾತ್ರ ‘ಅಲ್ಲೇನಿದೆ, ಬಿಲ್ಡರ್ ತಂದ ಕಾಗದಕ್ಕೆ ಸೀಲ್ ಒತ್ತೋ ಕೆಲಸ’ ಅಂತಾರೆ. ನೀವೂ ಅಂಥ ಕೆಲಸದಲ್ಲಿದ್ದವರು ಎಂದು ಹಿಂದೊಮ್ಮೆ ಬರೆದಿದ್ದಿರಿ. ಅವರು ದಿನವಿಡೀ ಏನು ಮಾಡ್ತಾರೆ? ಅವರ ವರದಿಯನ್ನು ಯಾರಾದರೂ ಓದ್ತಾರಾ? ಇನ್ನೊಂದು. ನಮ್ಮ ತೋಟದ ಪಕ್ಕ ಲೇಔಟ್ ಆಗಿ ಎರಡು ವರ್ಷ. ಈ ಬೇಸಿಗೆ ನಮ್ಮ ಬೋರ್ ಕೈಕೊಟ್ಟಿತು. ಅವರಿಂದಲೇ ಅಂತ ಹೇಳಬಹುದಾ?”

ನಮಸ್ಕಾರ. ಮಗಳಿಗೆ ಮೊದಲು ನಮ್ಮೆಲ್ಲರ ಅಭಿನಂದನೆ ಹೇಳಿ. ಆ ಪರೀಕ್ಷೆ ಪಾಸಾಗುವುದು ಹುಡುಗಾಟದ ಮಾತಲ್ಲ. ಊರಿನವರ ಮಾತನ್ನು ಆಮೇಲೆ ನೋಡೋಣ.

ಹೌದು, ಸಂಪಾದಕನಾಗುವ ಮೊದಲು ಹನ್ನೊಂದು ವರ್ಷ ನಾನು ಇದೇ ಬಗೆಯ ಸರ್ಕಾರಿ ಕೆಲಸದಲ್ಲಿದ್ದೆ. ದಿನವಿಡೀ ಏನು ಮಾಡ್ತಾರೆ ಅಂದಿರಿ. ಬಾವಿ ಅಳೀತಾರೆ. ವರ್ಷಕ್ಕೆ ನಾಲ್ಕು ಸಲ: ಜನವರಿಯಲ್ಲಿ, ಮುಂಗಾರಿಗೆ ಮುಂಚೆ ಬೇಸಿಗೆಯಲ್ಲಿ, ಆಗಸ್ಟಿನಲ್ಲಿ, ನವೆಂಬರಿನಲ್ಲಿ. ಅದೇ ಬಾವಿ, ಅದೇ ಜಾಗ. ಈಗ ಕೆಲವು ಕೊಳವೆಬಾವಿಗಳಿಗೆ ತಾನೇ ಅಳೆದು ಕಳಿಸುವ ಯಂತ್ರ ಕೂರಿಸಿದ್ದಾರೆ. ನಮಗಿದ್ದದ್ದು ಉಕ್ಕಿನ ಟೇಪು, ಒಂದು ಡಬ್ಬಿ ಸೀಮೆಸುಣ್ಣ. ಟೇಪಿನ ತುದಿಯ ಒಂದೆರಡು ಮೀಟರಿಗೆ ಸುಣ್ಣ ಸವರಿ ಬಾವಿಗೆ ಇಳಿಬಿಡುವುದು. ನೀರು ತಾಗಿದಷ್ಟು ಭಾಗ ಬಣ್ಣ ಬದಲಿಸುತ್ತದೆ. ಕಟ್ಟೆಯ ಹತ್ತಿರ ಎಷ್ಟು ಮೀಟರಿಗೆ ಹಿಡಿದಿದ್ದೆವೋ ಅದರಲ್ಲಿ ಒದ್ದೆಯಾದಷ್ಟನ್ನು ಕಳೆ. ಆಮೇಲೆ ಕಟ್ಟೆಯ ಎತ್ತರ ಕಳೆ. ನೆಲದಿಂದ ನೀರು ಎಷ್ಟು ಆಳದಲ್ಲಿದೆ ಅಂತ ಬಂತು. ಐದನೇ ಕ್ಲಾಸಿನ ಲೆಕ್ಕ.

ಆ ಐದನೇ ಕ್ಲಾಸಿನ ಲೆಕ್ಕವೇ ಕೈಕೊಡುವುದು. ಒಂದು ಹಳ್ಳಿಯ ಬಾವಿಯಲ್ಲಿ ಒಂದು ವರ್ಷ ನೀರು ಇದ್ದಕ್ಕಿದ್ದಂತೆ ಒಂದೂವರೆ ಅಡಿ ಇಳಿದಿತ್ತು. ಮಳೆ ಚೆನ್ನಾಗಿಯೇ ಆಗಿತ್ತು. ಸುತ್ತ ಹೊಸ ಬೋರ್ ಇರಲಿಲ್ಲ. ತಲೆ ಕೆಡಿಸಿಕೊಂಡು ಮತ್ತೆ ಹೋಗಿ ನೋಡಿದರೆ, ಮಕ್ಕಳು ಬಗ್ಗಿ ಬೀಳ್ತಾರೆ ಅಂತ ಪಂಚಾಯ್ತಿಯವರು ಕಟ್ಟೆಯ ಮೇಲೆ ಎರಡು ವರಸೆ ಕಲ್ಲು ಕಟ್ಟಿಸಿದ್ದರು. ನಮ್ಮ ರಿಜಿಸ್ಟರಿನಲ್ಲಿ ಹಳೇ ಕಟ್ಟೆಯ ಎತ್ತರವೇ ಇತ್ತು. ನೀರು ಎಲ್ಲಿಗೂ ಹೋಗಿರಲಿಲ್ಲ.

ಇಂಥ ತಪ್ಪು ಕಣ್ಣಿಗೆ ಬೀಳುತ್ತದೆ, ತಿದ್ದಬಹುದು. ಕಣ್ಣಿಗೆ ಬೀಳದ ತಪ್ಪು ಬೇರೆ ಇದೆ. ಬಾವಿ ಪೂರ್ತಿ ಬತ್ತಿದರೆ ಅಳೆಯಲು ಏನೂ ಇರುವುದಿಲ್ಲ. ಆ ಸಾಲು ಖಾಲಿ ಬಿಡುತ್ತಾರೆ. ಖಾಲಿ ಸಾಲು ಸರಾಸರಿಗೆ ಸೇರುವುದಿಲ್ಲ. ಹೀಗೆ ಸತ್ತ ಬಾವಿಗಳೆಲ್ಲ ಲೆಕ್ಕದಿಂದ ಬಿದ್ದು, ಬದುಕಿದವು ಮಾತ್ರ ಉಳಿದು, ತಾಲ್ಲೂಕಿನ ನೀರಿನ ಮಟ್ಟ ಸುಧಾರಿಸಿದಂತೆ ಗ್ರಾಫ್ ಬರುತ್ತದೆ. ಮಗಳಿಗೆ ಇದೊಂದು ಹೇಳಿಡಿ: ಗ್ರಾಫ್ ಮೇಲೆ ಹೋದರೆ ಖುಷಿಪಡುವ ಮುಂಚೆ, ಖಾಲಿ ಸಾಲು ಎಷ್ಟಿವೆ ಅಂತ ಎಣಿಸಬೇಕು.

ಇನ್ನು ಸೀಲಿನ ವಿಷಯ. ಊರಿನವರ ಮಾತು ಪೂರ್ತಿ ಸುಳ್ಳಲ್ಲ. ದೊಡ್ಡ ಯೋಜನೆಗಳ ಪರಿಸರ ಪರಿಣಾಮದ ವರದಿಯನ್ನು ಬರೆಯುವುದು ಕನ್ಸಲ್ಟೆಂಟ್. ಅವರಿಗೆ ದುಡ್ಡು ಕೊಡುವುದು ಯೋಜನೆ ಮಾಡುವವರೇ. ಸರ್ಕಾರದ ವಿಜ್ಞಾನಿಯ ಮುಂದೆ ಬರುವುದು ಆ ದಪ್ಪ ವರದಿ. ಅದರಲ್ಲಿ ನೀರಿನ ಅಧ್ಯಾಯದ ಕೊನೆಗೆ “ಗಮನಾರ್ಹ ಪರಿಣಾಮ ಇಲ್ಲ” ಅಂತ ಇದ್ದೇ ಇರುತ್ತದೆ. ಅಲ್ಲಿಂದ ನಿಮ್ಮ ಮಗಳ ಕೆಲಸ ಶುರು. ಕೇಳಬೇಕಾದದ್ದು ಒಂದೇ ಪ್ರಶ್ನೆ: ಆ ನೀರು ಎಲ್ಲಿಂದ ಬರುತ್ತೆ?

ನಿಮ್ಮ ಕಡೆಯದೇ ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ ಅಂತಿಟ್ಟುಕೊಳ್ಳಿ. ನಮ್ಮ ಗಟ್ಟಿ ಕಲ್ಲಿನ ನೆಲದಲ್ಲಿ, ಮೇಲಿನ ಪದರ ಚೆನ್ನಾಗಿ ಶಿಥಿಲವಾಗಿದ್ದರೂ, ಮಳೆಯಲ್ಲಿ ನೂರಕ್ಕೆ ಹತ್ತರ ಆಸುಪಾಸು ಪಾಲು ಮಾತ್ರ ಅಂತರ್ಜಲ ಸೇರುತ್ತದೆ ಎಂದು ಸರ್ಕಾರಿ ಲೆಕ್ಕದ ಪದ್ಧತಿಯೇ ಹೇಳುತ್ತದೆ. ಹತ್ತು ಪಾಲು ಹಿಡಿಯೋಣ. ಒಂದು ಎಕರೆಯಲ್ಲಿ ವರ್ಷಕ್ಕೆ ಇಂಗುವುದು ಸುಮಾರು 3.2 ಲಕ್ಷ ಲೀಟರ್. ಅದೇ ಎಕರೆಯಲ್ಲಿ 100 ಫ್ಲ್ಯಾಟ್ ಎದ್ದರೆ 400 ಜನ. ತಲೆಗೆ ದಿನಕ್ಕೆ 135 ಲೀಟರ್ ಅಂದರೆ 54,000 ಲೀಟರ್. ವರ್ಷವಿಡೀ ಇಂಗಿದ ನೀರು ಆರು ದಿನಕ್ಕೆ ಮುಗೀತು. ಉಳಿದ 359 ದಿನದ ನೀರು ಆ ಎಕರೆಯದಲ್ಲ. ಪಕ್ಕದ ತೋಟದ್ದು, ಕೆಳಗಿನ ಕೆರೆಯದ್ದು, ಟ್ಯಾಂಕರ್ ಬರುವ ಇನ್ಯಾವುದೋ ಊರಿನದ್ದು. ಮಳೆಕೊಯ್ಲು ಮಾಡ್ತೀವಿ ಅನ್ನುತ್ತಾರೆ. ಮಾಡಲಿ, ಒಳ್ಳೆಯದೇ. ಆದರೆ ಆ ಚಾವಣಿಯ ನೀರೂ ಮೊದಲು ಹರಿದು ಯಾವುದೋ ಕೆರೆ ಸೇರುತ್ತಿತ್ತು, ಅಲ್ವಾ?

ಇದು ಹಳೇ ಮಾತು. ಚಾರ್ಲ್ಸ್ ಥೈಸ್ ಅಂತ ಅಮೆರಿಕದ ಭೂಸರ್ವೇಕ್ಷಣೆಯಲ್ಲಿ ಒಬ್ಬ ಸರ್ಕಾರಿ ಭೂವಿಜ್ಞಾನಿ ಇದ್ದ. ನ್ಯೂ ಮೆಕ್ಸಿಕೋದ ಒಣ ನೆಲದಲ್ಲಿ ಕೆಲಸ. ಪಂಪು ಓಡಿದಂತೆ ಸುತ್ತಲ ನೀರಿನ ಮಟ್ಟ ಹೇಗೆ ಇಳಿಯುತ್ತದೆ ಅನ್ನುವ ಸೂತ್ರವನ್ನು 1935ರಲ್ಲಿ ಕೊಟ್ಟ. ಲೋಹದಲ್ಲಿ ಶಾಖ ಹರಿಯುವ ಗಣಿತವೇ ಇದಕ್ಕೂ ಒಗ್ಗುತ್ತದೆ ಎಂದು ಅವನಿಗೆ ಹೊಳೆದಿತ್ತು. ಲೆಕ್ಕ ಬಿಡಿಸಲು ಗಣಿತ ಬಲ್ಲ ಗೆಳೆಯನ ನೆರವು ಕೇಳಿದ. ಬೋರ್ ಪರೀಕ್ಷೆಗೆ, ಅಂದರೆ ಪಂಪು ಓಡಿಸಿ ಸುತ್ತಲ ನೀರು ಎಷ್ಟು ಇಳಿಯಿತು ಅಂತ ಅಳೆಯುವುದಕ್ಕೆ, ಇವತ್ತಿಗೂ ಜಗತ್ತೆಲ್ಲ ಬಳಸುವುದು ಅದನ್ನೇ. ಆದರೆ ನನಗೆ ಜಾಸ್ತಿ ಇಷ್ಟವಾದದ್ದು 1940ರಲ್ಲಿ ಅವನು ಬರೆದ ಸಣ್ಣ ಲೇಖನ. ಸಾರ ಇಷ್ಟೇ: ಬಾವಿಯಿಂದ ಎತ್ತಿದ ಪ್ರತಿ ಹನಿಯೂ ಇನ್ನೆಲ್ಲೋ ಕಡಿಮೆಯಾಗಿರಲೇಬೇಕು. ಒಂದೋ ನೆಲದೊಳಗಿನ ಕೂಡಿಟ್ಟ ನೀರು. ಇಲ್ಲಾ ಹಳ್ಳಕ್ಕೆ ಒಸರಬೇಕಿದ್ದ ನೀರು. ಇಲ್ಲಾ ಹಳ್ಳದಿಂದಲೇ ಹೊಸದಾಗಿ ಎಳೆದುಕೊಂಡ ನೀರು. ನಾಲ್ಕನೇ ಜಾಗ ಇಲ್ಲ.

ಅದಕ್ಕೆ ನಿಮ್ಮ ಕಣ್ಣೆದುರೇ ಸಾಕ್ಷಿ ಇದೆ. ನಂದಿಬೆಟ್ಟದ ಅರ್ಕಾವತಿ ನಿಮ್ಮೂರು ದಾಟಿ, ಹೆಸರಘಟ್ಟ ದಾಟಿ, ತಿಪ್ಪಗೊಂಡನಹಳ್ಳಿಗೆ ಬರುತ್ತಿದ್ದ ನದಿ. 1933ರಲ್ಲಿ ಅಲ್ಲಿ ಜಲಾಶಯ ಕಟ್ಟಿ ಬೆಂಗಳೂರಿಗೆ ನೀರು ಕೊಟ್ಟರು. ಕೆಲವು ದಶಕ ಕಳೆಯುತ್ತಲೇ ಒಳಹರಿವು ಇಳಿಯುತ್ತಾ ಬಂತು. 2012ರ ಹೊತ್ತಿಗೆ ನಗರಕ್ಕೆ ನೀರು ಕೊಡುವುದೇ ನಿಂತಿತು. ಮಳೆ ಹೋಯ್ತು ಅಂದರು ಕೆಲವರು. ಕಾಲುವೆ ಒತ್ತುವರಿ ಅಂದರು, ಚೆಕ್‌ಡ್ಯಾಂ ಅಂದರು. ಬೆಂಗಳೂರಿನ ಏಟ್ರಿ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ತಂಡ ಒಂದೊಂದೇ ಕಾರಣವನ್ನು ಎತ್ತಿಕೊಂಡು ಪರೀಕ್ಷೆ ಮಾಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿತು. ಮಳೆಯೂ ಬಿಸಿಲೂ ಇದಕ್ಕೆ ಕಾರಣ ಅಲ್ಲ. ಮುಖ್ಯ ಕಾರಣ ಕೊಳವೆಬಾವಿ ಮತ್ತು ನೀಲಗಿರಿ ತೋಪು. ಹಳ್ಳಕ್ಕೆ ಅಡ್ಡ ಕಟ್ಟಿದ್ದರ ಪಾಲು ಅದಕ್ಕಿಂತ ಕಡಿಮೆ.

ಹೇಗೆ ಅಂದರೆ, ಹಿಂದೆ ನೆಲದೊಳಗಿನ ನೀರು ಹಳ್ಳದ ತಳಕ್ಕಿಂತ ಮೇಲಿರುತ್ತಿತ್ತು. ಮಳೆ ನಿಂತು ತಿಂಗಳುಗಟ್ಟಲೆ ಅದು ಹಳ್ಳಕ್ಕೆ ಒಸರುತ್ತಿತ್ತು. ಹಳಬರು ಒರತೆ ಅಂತಿದ್ದುದು ಅದನ್ನೇ. ನಮ್ಮ ಶಿಥಿಲ ಕಲ್ಲಿನ ಪದರದ ಒಂದು ಅಡಿಯನ್ನು ಹಿಂಡಿದರೆ ಅರ್ಧ ಇಂಚು ನೀರೂ ಸಿಗುವುದಿಲ್ಲ. ಹಾಗಾಗಿ ಸ್ವಲ್ಪವೇ ಎತ್ತಿದರೂ ಮಟ್ಟ ಧಡಕ್ಕನೆ ಇಳಿಯುತ್ತದೆ. ಒರತೆ ನಿಂತಿತು. ಈಗ ಹಳ್ಳದಲ್ಲಿ ಬಂದ ನೀರನ್ನೇ ನೆಲ ಕುಡಿಯುತ್ತದೆ. ಒಬ್ಬೊಬ್ಬ ರೈತನೂ ತನ್ನ ಹೊಲದಲ್ಲಿ ಒಂದು ಬೋರ್ ಹಾಕಿದ, ನಾಲ್ಕು ಸಾಲು ನೀಲಗಿರಿ ನೆಟ್ಟ. ಯಾರದ್ದೂ ತಪ್ಪು ಅನ್ನುವ ಹಾಗಿಲ್ಲ. ಒಂದೊಂದನ್ನೇ ಪರೀಕ್ಷೆಗೆ ತಂದಿದ್ದರೆ ಪ್ರತಿಯೊಂದಕ್ಕೂ “ಗಮನಾರ್ಹ ಪರಿಣಾಮ ಇಲ್ಲ” ಎಂದೇ ಬರೆಯುತ್ತಿದ್ದೆವು. ಎಲ್ಲ ಸೇರಿ ನದಿಯನ್ನು ಮುಗಿಸಿದವು. ಕಾನೂನಿನ ಕಣ್ಣೂ ಹಾಗೇ ಇದೆ. ಕೇಂದ್ರ ಸರ್ಕಾರದ 2006ರ ಪರಿಸರ ಅಧಿಸೂಚನೆ ಪ್ರಕಾರ ಕಟ್ಟಡ 20,000 ಚದರ ಮೀಟರ್ ಮುಟ್ಟಿದರೆ ಪರಿಸರ ಅನುಮತಿ ಬೇಕು. ಅದಕ್ಕೆ ಸ್ವಲ್ಪ ಕಡಿಮೆ ಇರುವ ಹತ್ತು ಕಟ್ಟಡ ಸಾಲಾಗಿ ನಿಂತರೆ ಒಂದಕ್ಕೂ ಬೇಡ.

ವರದಿಯನ್ನು ಓದ್ತಾರಾ ಅಂದಿರಲ್ಲ. ತಕ್ಷಣ ಓದುವವರು ಕಡಿಮೆ. “ಷರತ್ತುಗಳಿಗೆ ಒಳಪಟ್ಟು” ಅಂತ ಅನುಮತಿ ಕೊಟ್ಟಿರುತ್ತಾರೆ. ಬೋರಿಗೆ ಮೀಟರ್ ಹಾಕಬೇಕು, ಇಂಗುಗುಂಡಿ ತೋಡಬೇಕು. ಹೋಗಿ ನೋಡಲು ಜನ ಇಲ್ಲ, ಜೀಪಿಗೆ ಡೀಸೆಲ್ ಇಲ್ಲ. ಆದರೆ ಕಾಗದ ಸಾಯುವುದಿಲ್ಲ. ತಿಪ್ಪಗೊಂಡನಹಳ್ಳಿಯ ಜಲಾನಯನವನ್ನು ವಲಯಗಳಾಗಿ ವಿಂಗಡಿಸಿ 2003ರಲ್ಲಿ ರಾಜ್ಯ ಸರ್ಕಾರ ನಿರ್ಬಂಧ ಹಾಕಿದ್ದಕ್ಕೂ ಹಿಂದೆ ಒಂದು ಅಧ್ಯಯನ ಇತ್ತು. ಆಮೇಲೆ ಅದನ್ನು ಸಡಿಲಿಸುವ ಒತ್ತಡವೂ ಬಂತು, ಅದು ಬೇರೆ ಕಥೆ. ಅರ್ಕಾವತಿಯಲ್ಲಿ ಮಳೆ ಕಡಿಮೆಯಾಗಿಲ್ಲ ಅಂತ 2015ರಲ್ಲಿ ಗಟ್ಟಿಯಾಗಿ ಹೇಳಲು ಆದದ್ದು ಹೇಗೆ? ದಿನಾ ಬೆಳಿಗ್ಗೆ ಮಳೆಮಾಪಕದ ಬಾಟಲಿ ಎತ್ತಿ, ನೀರನ್ನು ಅಳತೆಗಾಜಿಗೆ ಸುರಿದು, ಪುಸ್ತಕದಲ್ಲಿ ಬರೆದಿಟ್ಟ ಸಣ್ಣ ಸಂಬಳದ ನೌಕರರಿಂದ. ಅವರಿಗೆ ಯಾರೂ ಶಾಲು ಹೊದಿಸಲಿಲ್ಲ.

ನನ್ನದೂ ಒಂದು ತಪ್ಪು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ನೀರು ತುಂಬಿಸುವ ಒಂದು ಸಣ್ಣ ಘಟಕಕ್ಕೆ ಬೋರ್ ಪರೀಕ್ಷೆ ಮಾಡಿದೆ. ನವೆಂಬರ್ ತಿಂಗಳು, ಒಳ್ಳೆ ಹಿಂಗಾರು. ಪಂಪು ಗಂಟೆಗಟ್ಟಲೆ ಓಡಿದರೂ ಪಕ್ಕದ ಬಾವಿ ನಾಲ್ಕು ಬೆರಳು ಇಳಿಯಲಿಲ್ಲ. ಪರವಾಗಿಲ್ಲ ಅಂತ ಬರೆದುಕೊಟ್ಟೆ. ಏಪ್ರಿಲ್‌ನಲ್ಲಿ ಅದೇ ದಾರಿಯಲ್ಲಿ ಹೋಗುವಾಗ ಆ ಬಾವಿಯ ತಳದ ಕೆಸರಿನಲ್ಲಿ ಒಂದು ಪ್ಲಾಸ್ಟಿಕ್ ಬಿಂದಿಗೆ ಸಿಕ್ಕಿಕೊಂಡು ನಿಂತಿತ್ತು. ಬಾವಿಯ ಅಜ್ಜಿ ನನ್ನ ಗುರುತು ಹಿಡಿದರು. ಬೈಯಲಿಲ್ಲ. “ಈಗ ಅಳೆಯಪ್ಪ” ಅಂದರು. ಅಂದಿನಿಂದ ವರದಿಯಲ್ಲಿ ಪರೀಕ್ಷೆಯ ತಿಂಗಳನ್ನು ಮೊದಲ ಪುಟದಲ್ಲೇ ಬರೆಯುತ್ತಿದ್ದೆ. ಬೇಸಿಗೆಯಲ್ಲಿ ಮತ್ತೊಮ್ಮೆ ಪರೀಕ್ಷೆ ಆಗದೆ ಕೊನೆಯ ಸಾಲು ಬರೆಯುತ್ತಿರಲಿಲ್ಲ. ಅದಕ್ಕೆ ಮೇಲಿನವರಿಂದ ಬೈಗುಳ ತಿಂದದ್ದೂ ಉಂಟು.

ಈಗ ನಿಮ್ಮ ಬೋರ್. ಲೇಔಟ್ ಪಕ್ಕದಲ್ಲಿದೆ ಅಂದ ಮಾತ್ರಕ್ಕೆ ಅವರೇ ಕಾರಣ ಅನ್ನಲಾಗದು. ನಮ್ಮ ಕಲ್ಲಿನಲ್ಲಿ ನೀರು ಬಿರುಕುಗಳಲ್ಲಿ ಓಡಾಡುತ್ತದೆ. ನೂರು ಅಡಿ ದೂರದ ಎರಡು ಬೋರಿಗೆ ಸಂಬಂಧವೇ ಇಲ್ಲದಿರಬಹುದು. ಅರ್ಧ ಕಿಲೋಮೀಟರ್ ಆಚೆಯದು ನಿಮ್ಮದೇ ಬಿರುಕಿನ ಮೇಲೆ ಕೂತಿರಬಹುದು. ಬೋರಿನ ಹೊರಗಿನ ಕೊಳವೆ (ಕೇಸಿಂಗ್) ಮತ್ತು ಒಳಗಿನ ಪೈಪಿನ ನಡುವೆ ಸಂದು ಇದ್ದರೆ ಎರಡು ಎಳೆ ವೈರು, ಒಂದು ಮಲ್ಟಿಮೀಟರ್ ಸಾಕು. ವೈರಿನ ತುದಿಗಳು ನೀರು ಮುಟ್ಟಿದ ಕೂಡಲೇ ಮುಳ್ಳು ಅಲುಗುತ್ತದೆ. ನಿಮ್ಮ ಮೋಟಾರ್ ಮೇನ್ ಆಫ್ ಮಾಡಿಯೇ ಅಳೆಯಿರಿ. ಎರಡು ವಾರ ಬೆಳಿಗ್ಗೆ, ಸಂಜೆ. ಜೊತೆಗೆ ನಿಮ್ಮ ಮೋಟಾರ್ ಎಷ್ಟು ಗಂಟೆ ಓಡಿತು, ಅವರದು ಯಾವಾಗ ಶುರುವಾಗಿ ಯಾವಾಗ ನಿಂತಿತು ಅಂತಲೂ ಬರೆಯಿರಿ. ಅವರ ಪಂಪು ಇಡೀ ದಿನ ನಿಂತಾಗ ನಿಮ್ಮ ನೀರು ಏರಿತಾ? ಮತ್ತೆ ಹಾಕಿದಾಗ ಇಳಿಯಿತಾ? ಹೀಗೆ ಮೂರ್ನಾಲ್ಕು ಸಲ ಆದರೆ ನಿಮ್ಮ ಮಾತಿಗೆ ಬಲ ಬಂತು. ಊರಿನ ಆಚೆ ತುದಿಯ ಬೋರ್‌ಗಳೂ ಅಷ್ಟೇ ಇಳಿದಿದ್ದರೆ ಲೇಔಟನ್ನು ಮಾತ್ರ ದೂರುವುದು ಸರಿಯಾಗದು.

ಅಳೆಯುವುದನ್ನು ಮಗಳು ಡ್ಯೂಟಿಗೆ ಹೊರಡುವ ಮುಂಚೆ ಕಲಿಸಿಕೊಡಲಿ. ಪುಸ್ತಕ ಮಾತ್ರ ನಿಮ್ಮ ಕೈಬರಹದಲ್ಲೇ ಇರಲಿ, ನಾಳೆ ಅವಳ ಹೆಸರು ಎಳೆಯುವುದು ಬೇಡ. ಕೇಸಿಂಗಿನ ಬಾಯಿ ನೆಲದಿಂದ ಎಷ್ಟು ಎತ್ತರ ಇದೆ ಅನ್ನುವುದನ್ನು ಮೊದಲ ಸಾಲಿನಲ್ಲೇ ಬರೆದಿಡಿ.