ಹೊಸ ಸಬರ್ಬನ್ ರೈಲು ನಿಲ್ದಾಣಕ್ಕೆ ನಡೆದು ಹೋಗುವವರು ಮೊದಲು ಏನು ಕೇಳಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಬೆಂಗಳೂರಿನ ಸಬರ್ಬನ್ ರೈಲಿನ ಕನಕ ಮಾರ್ಗದ ಪಕ್ಕದಲ್ಲಿ ಗೇಟು ಹಾಕಿದ ನಿಮ್ಮ ಬಡಾವಣೆ ಇದೆ. ಹತ್ತಿರದಲ್ಲೇ ಒಂದು ನಿಲ್ದಾಣ ಬರಲಿದೆ. ನಿವಾಸಿಗಳ ಸಂಘ ದೊಡ್ಡ ಪಾರ್ಕಿಂಗ್ ಕೇಳೋಣ ಅಂತ ಪತ್ರ ಬರೆಯಲು ಹೊರಟಿದೆ. ನಡೆದು ಹೋಗುವವರಿಗಾಗಿ ಆ ಪತ್ರದಲ್ಲಿ ಏನು ಸೇರಿಸಬೇಕು ಅಂತ ನೀವು ಕೇಳಿದ್ದೀರಿ.

ನಾನು ರಸ್ತೆ, ಫುಟ್‌ಪಾತ್ ವಿನ್ಯಾಸದ ಕೆಲಸ ಮಾಡುವವನು. ಮೊದಲು ಬಾಗಿಲು ಕೇಳಿ. ಫುಟ್‌ಪಾತ್ ಆಮೇಲೆ ಕೇಳಿದರೂ ನಡೆಯುತ್ತದೆ.

ಸಾಮಾನ್ಯವಾಗಿ ಇದು ತಿರುವುಮುರುವು ಆಗುತ್ತದೆ. ಮನವಿ ಪತ್ರದಲ್ಲಿ ಟೈಲ್ಸ್, ಬೀದಿ ದೀಪ, ಗಿಡ, ಬೆಂಚು ಎಲ್ಲಾ ಇರುತ್ತದೆ. ಇವೆಲ್ಲ ಬೇಕು ನಿಜ. ಆದರೆ ಇವತ್ತು ಆಗದಿದ್ದರೆ ಐದು ವರ್ಷ ಬಿಟ್ಟು ಬೇಕಾದರೂ ಮಾಡಿಸಬಹುದು. ನಿಲ್ದಾಣದ ಬಾಗಿಲು ಹಳಿಯ ಯಾವ ಬದಿಗೆ ತೆರೆಯುತ್ತದೆ, ಒಟ್ಟು ಎಷ್ಟು ಬಾಗಿಲು ಅನ್ನುವುದು ಹಾಗಲ್ಲ. ಅದು ನಕ್ಷೆಯಲ್ಲಿ ಒಮ್ಮೆ ಕೂತು, ಕಾಂಕ್ರೀಟ್ ಬಿದ್ದರೆ ಮುಗೀತು.

ಯಾಕೆ ಇಷ್ಟು ಒತ್ತಿ ಹೇಳ್ತಿದ್ದೀನಿ ಅಂದರೆ, ರೈಲು ಹಳಿ ಊರನ್ನು ಎರಡು ಭಾಗ ಮಾಡುತ್ತದೆ. ಒಂದು ಲೆಕ್ಕ ಹಾಕೋಣ. ನಿಮ್ಮ ಮನೆ ಪ್ಲಾಟ್‌ಫಾರ್ಮಿನಿಂದ 150 ಮೀಟರ್ ದೂರದಲ್ಲಿದೆ, ಆದರೆ ಹಳಿಯ ಆ ಕಡೆ. ಬಾಗಿಲು ಇರುವುದು ಈ ಕಡೆ ಮಾತ್ರ. ಹತ್ತಿರದ ಅಂಡರ್‌ಪಾಸ್ 600 ಮೀಟರ್ ಆಚೆ ಇದೆ ಅಂತಿಟ್ಟುಕೊಳ್ಳಿ. ಆಗ 600 ಹೋಗಿ, ಹಳಿ ದಾಟಿ, ಮತ್ತೆ 600 ವಾಪಸ್ ಬರಬೇಕು. ಎರಡು ನಿಮಿಷದ ದಾರಿ ಹದಿನೈದು ನಿಮಿಷ ದಾಟುತ್ತದೆ. ಮನುಷ್ಯ ನಿಮಿಷಕ್ಕೆ ಸುಮಾರು 80 ಮೀಟರ್ ನಡೆಯುತ್ತಾನೆ. ಹತ್ತು ನಿಮಿಷ, ಅಂದರೆ 800 ಮೀಟರ್ ಮೀರಿತು ಅಂದರೆ ಹೆಚ್ಚಿನವರು ಸ್ಕೂಟರ್ ಕೀಲಿ ಎತ್ತಿಕೊಳ್ಳುತ್ತಾರೆ. ಕೇಂದ್ರ ಸರ್ಕಾರದ 2017ರ ಟಿಒಡಿ ನೀತಿ (ನಿಲ್ದಾಣದ ಸುತ್ತ ಊರು ಬೆಳೆಸುವ ನೀತಿ) ಕೂಡ ನಿಲ್ದಾಣದ ಪ್ರಭಾವ ವಲಯವನ್ನು 500ರಿಂದ 800 ಮೀಟರ್ ಅಂತಲೇ ಹೇಳುತ್ತದೆ. ಯೋಜನಾ ವರದಿಗಳಲ್ಲಿ ಕಂಪಾಸ್ ಇಟ್ಟು ಈ ವೃತ್ತ ಎಳೆದು ಇಷ್ಟು ಸಾವಿರ ಜನ ನಡೆದು ಬರುತ್ತಾರೆ ಅಂತ ಬರೆದುಬಿಡುತ್ತಾರೆ. ಒಂದೇ ಬದಿಗೆ ಬಾಗಿಲಿದ್ದರೆ ಆ ವೃತ್ತದ ಅರ್ಧ ಸುಮ್ನೆ ಚಿತ್ರ, ಅಷ್ಟೇ.

ಇನ್ನೊಂದು ಉದಾಹರಣೆ ನೀವೇ ನೋಡಿರಬಹುದು. ಬೈಯಪ್ಪನಹಳ್ಳಿಯ ಎಸ್‌ಎಂವಿಟಿ ರೈಲು ಟರ್ಮಿನಲ್ 2022ರಲ್ಲಿ ಶುರುವಾಯಿತು. ಹೆಸರು ನೋಡಿಕೊಂಡು ಬೈಯಪ್ಪನಹಳ್ಳಿ ಮೆಟ್ರೋದಲ್ಲಿ ಇಳಿದವರು ಲಗೇಜ್ ಹಿಡಿದು ಮತ್ತೆ ಆಟೋ ಹುಡುಕಬೇಕು. ಊರಿನ ಹೆಸರು ಒಂದೇ ಆದರೆ ಸಾಲದು, ಕಾಲಿಗೆ ದಾರಿ ಬೇಕು.

ಈಗ ನೀವು ಮಾಡಬೇಕಾದ ಕೆಲಸ. ನಿಮ್ಮ ನಿಲ್ದಾಣದ ಜಿಎಡಿ, ಅಂದರೆ ಜನರಲ್ ಅರೇಂಜ್‌ಮೆಂಟ್ ಡ್ರಾಯಿಂಗ್ ಕೇಳಿ. ಯೋಜನೆ ನಡೆಸುತ್ತಿರುವುದು ಕೆ-ರೈಡ್. ಅದು ರಾಜ್ಯ ಸರ್ಕಾರ ಮತ್ತು ರೈಲ್ವೆ ಸಚಿವಾಲಯದ ಜಂಟಿ ಕಂಪನಿ. ಕೇಳಿದರೆ ಕೊಡದಿದ್ದರೆ 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ, 30 ದಿನದಲ್ಲಿ ಉತ್ತರ ಕೊಡಲೇಬೇಕು. ನಕ್ಷೆ ಕೈಗೆ ಬಂದ ಮೇಲೆ ನಿಲ್ದಾಣದ ಕಟ್ಟಡ ಎಷ್ಟು ಚೆಂದ ಇದೆ ಅಂತ ನೋಡಬೇಡಿ. ಮೂರು ಸಂಗತಿ ಹುಡುಕಿ. ಎರಡೂ ಬದಿಗೆ ಬಾಗಿಲಿದೆಯಾ? ಪ್ಲಾಟ್‌ಫಾರ್ಮಿನ ಎರಡೂ ತುದಿಯಲ್ಲಿ ಇಳಿಯಲು ದಾರಿ ಇದೆಯಾ? ಹಳಿ ದಾಟುವ ದಾರಿ ಟಿಕೆಟ್ ಗೇಟಿನ ಹೊರಗಿದೆಯಾ, ಒಳಗಿದೆಯಾ?

ಈ ಮೂರನೆಯದು ಬಹಳ ಜನರಿಗೆ ಹೊಳೆಯುವುದೇ ಇಲ್ಲ. ದಾಟುವ ದಾರಿ ಟಿಕೆಟ್ ಗೇಟಿನ ಒಳಗಿದ್ದರೆ ರೈಲು ಹತ್ತುವವರಿಗೆ ಮಾತ್ರ ಉಪಯೋಗ. ಆಚೆ ಬದಿಯ ಅಂಗಡಿಗೆ, ಶಾಲೆಗೆ ಹೋಗುವವರು ಮೊದಲಿನ ಹಾಗೇ ಹಳಿ ಮೇಲೆಯೇ ದಾಟುತ್ತಾರೆ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅದು ಅಪರಾಧ, ಗೊತ್ತು. ಹಾಗಂತ ಸ್ಕೂಲ್ ಬ್ಯಾಗ್ ಹಾಕಿಕೊಂಡ ಮಗು ಸೆಕ್ಷನ್ ಓದಿಕೊಂಡು ದಾಟುತ್ತಾ? ನಮ್ಮ ಮೆಟ್ರೋದ ಎತ್ತರದ ನಿಲ್ದಾಣಗಳನ್ನು ನೋಡಿ. ಎಷ್ಟೋ ಕಡೆ ಕಾನ್‌ಕೋರ್ಸಿನ (ಟಿಕೆಟ್ ಕೌಂಟರ್ ಇರುವ ಮಹಡಿಯ) ಗೇಟಿನ ಹೊರಭಾಗವನ್ನೇ ಜನ ರಸ್ತೆ ದಾಟಲು ಬಳಸುತ್ತಾರೆ. ಒಂದು ಕಡೆ ಹತ್ತಿ, ಟಿಕೆಟ್ ಇಲ್ಲದೆ, ಇನ್ನೊಂದು ಕಡೆ ಇಳಿಯುತ್ತಾರೆ. ಅಂಥದ್ದೇ ಇಲ್ಲೂ ಬೇಕು.

ಇನ್ನು ದಾಟುವುದು ಮೇಲಿನಿಂದಲೋ ಕೆಳಗಿನಿಂದಲೋ ಅನ್ನುವ ಪ್ರಶ್ನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ ಸಭೆಯಲ್ಲಿ ಎಂಜಿನಿಯರ್‌ಗಳು ಇದನ್ನು ಒಂದೇ ಮಾತಲ್ಲಿ ತಳ್ಳಿಹಾಕುತ್ತಾರೆ. ವಿದ್ಯುತ್ ತಂತಿ ಇರುವ ಹಳಿಯ ಮೇಲೆ ಫುಟ್‌ಓವರ್‌ಬ್ರಿಡ್ಜ್ ಕಟ್ಟಬೇಕಾದರೆ ಸುಮಾರು ಆರೂವರೆ ಮೀಟರ್ ಎತ್ತರ ಬೇಕೇ ಬೇಕು. 15 ಸೆಂಟಿಮೀಟರಿನ ಒಂದೊಂದು ಮೆಟ್ಟಿಲು ಅಂದರೂ 45ರ ಹತ್ತಿರ. ಹತ್ತಿ, ಮತ್ತೆ ಅಷ್ಟೇ ಇಳಿಯಬೇಕು. ರ‍್ಯಾಂಪ್ ಮಾಡೋಣ ಅಂದರೆ 1:12 ಇಳಿಜಾರಿಗೆ 80 ಮೀಟರ್ ಉದ್ದ ಹೋಗುತ್ತದೆ, ಅಷ್ಟು ಜಾಗ ಯಾರ ಹತ್ತಿರವೂ ಇರಲ್ಲ. ಹಾಗಾಗಿ ಲಿಫ್ಟ್ ಬರುತ್ತದೆ. ಲಿಫ್ಟ್ ಕೆಟ್ಟ ದಿನ ಮಂಡಿ ನೋವಿನವರು ಮನೆಯಲ್ಲೇ ಉಳಿಯುತ್ತಾರೆ.

ಕೆಳಗಿನ ಸಬ್‌ವೇಗೆ ಇಷ್ಟು ಏರಿಳಿತ ಇಲ್ಲ. ಮನುಷ್ಯನ ಎತ್ತರಕ್ಕೆ ಎರಡೂವರೆ ಮೀಟರ್, ಮೇಲೆ ಚಪ್ಪಡಿ, ಜಲ್ಲಿ, ಹಳಿ ಎಲ್ಲಾ ಸೇರಿ ಸುಮಾರು 4 ಮೀಟರ್ ಇಳಿದರೆ ಸಾಕು. ನಿಮ್ಮ ಕಡೆ ಹಳಿ ಮಣ್ಣಿನ ಏರಿ ಮೇಲೆ ಹೋಗುತ್ತಿದ್ದರೆ ಇನ್ನೂ ಒಳ್ಳೇದು. ಏರಿಯ ಎತ್ತರ ಸಾಕಷ್ಟಿದ್ದರೆ ಒಂದು ಮೆಟ್ಟಿಲೂ ಇಲ್ಲದೆ, ರಸ್ತೆ ಮಟ್ಟದಲ್ಲೇ ಆಚೆ ಹೋಗಬಹುದು. ಗಾಲಿಕುರ್ಚಿ, ತಳ್ಳುಗಾಡಿ, ಸೈಕಲ್ ಎಲ್ಲದಕ್ಕೂ ಸಲೀಸು. ಇದಕ್ಕೆ ಬರುವ ಉತ್ತರ ಒಂದೇ: ಮಳೆ ಬಂದರೆ ನೀರು ನಿಲ್ಲುತ್ತದೆ. ಬೆಂಗಳೂರಿನಲ್ಲಿ ಈ ಮಾತನ್ನು ಸುಳ್ಳು ಅನ್ನುವ ಹಾಗಿಲ್ಲ ಬಿಡಿ. ಆದರೆ ನೀರು ನಿಲ್ಲುವುದು ಸಬ್‌ವೇ ಅನ್ನುವ ಕಾರಣಕ್ಕಲ್ಲ, ಪಕ್ಕದ ಚರಂಡಿಗಿಂತ ಅದರ ನೆಲ ತಗ್ಗಿನಲ್ಲಿದೆ ಅನ್ನುವ ಕಾರಣಕ್ಕೆ. ಜಿಎಡಿಯಲ್ಲಿ ಎರಡರ ಮಟ್ಟವೂ ಇದೆಯಾ ನೋಡಿ, ಇಲ್ಲದಿದ್ದರೆ ಕೇಳಿ. ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ವಾದ ಮಾಡಿ. ಹಳಿಯೇ ಕಂಬಗಳ ಮೇಲೆ ಹೋಗುವ ಜಾಗವಾದರೆ ಈ ತಲೆನೋವೇ ಇಲ್ಲ, ಕೆಳಗಿನ ಜಾಗಕ್ಕೆ ಬೇಲಿ ಹಾಕದಂತೆ ನೋಡಿಕೊಂಡರೆ ಸಾಕು.

ಜನ ಎಲ್ಲಿ ದಾಟುತ್ತಾರೆ ಅಂತ ತಿಳಿಯಲು ದುಬಾರಿ ಸರ್ವೆ ಬೇಕಾಗಿಲ್ಲ. ಬೆಳಗ್ಗೆ ಏಳೂವರೆಗೆ ಹಳಿ ಪಕ್ಕ ಒಂದು ಸುತ್ತು ಹಾಕಿ. ಖಾಲಿ ಸೈಟಿನಲ್ಲಿ ಹುಲ್ಲು ಸವೆದು ಕೆಂಪು ಮಣ್ಣು ಕಾಣುವ ಕಾಲುದಾರಿ ಸಿಗುತ್ತದೆ. ಅದನ್ನು ಹಿಡಿದು ಹೋದರೆ ಕಾಂಪೌಂಡ್ ಗೋಡೆಯಲ್ಲಿ ಒಂದು ಸಂದು ಸಿಗುತ್ತದೆ. ನಾನು ನೋಡಿದ ಒಂದು ಕಡೆ ಗೋಡೆಯ ಈಚೆ ಸೈಜುಗಲ್ಲು ಇಟ್ಟು ಮೆಟ್ಟಿಲು ಮಾಡಿದ್ದರು, ಆಚೆ ಮರಳಿನ ಮೂಟೆ. ಮಧ್ಯದ ಕಬ್ಬಿಣದ ಸರಳು ಕೈ ತಾಗಿ ತಾಗಿ ತುಕ್ಕು ಹೋಗಿ ಹೊಳೆಯುತ್ತಿತ್ತು. ಸೀರೆ ಉಟ್ಟವರಿಗೆ ಸಿಕ್ಕಿಹಾಕಿಕೊಳ್ಳಬಾರದು ಅಂತ ಅದರ ತುದಿಗೆ ಯಾರೋ ಸೈಕಲ್ ಟ್ಯೂಬ್ ಸುತ್ತಿದ್ದರು. ಎರಡನೇ ಬಾಗಿಲು ಎಲ್ಲಿರಬೇಕು ಅಂತ ಅಲ್ಲಿನ ಜನ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು. ಅಂಥ ಜಾಗಗಳ ಫೋಟೊ ತೆಗೆದು, ನಕ್ಷೆಯಲ್ಲಿ ಗುರುತು ಮಾಡಿ ಪತ್ರದ ಜೊತೆ ಲಗತ್ತಿಸಿ. ಹತ್ತು ಪುಟದ ಮನವಿಗಿಂತ ಅದಕ್ಕೆ ಬೆಲೆ ಜಾಸ್ತಿ.

ಮೆಟ್ಟಿಲಿನ ಅಗಲವನ್ನೂ ನೋಡಿ. ಒಂದು ಮೀಟರ್ ಅಗಲದ ಮೆಟ್ಟಿಲಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 50-55 ಜನ ಹೋಗಬಹುದು. ಒಂದು ರೈಲಿನಿಂದ 500 ಜನ ಇಳಿದರು, ಮೆಟ್ಟಿಲು 2 ಮೀಟರ್ ಇದೆ ಅಂದರೆ ಎಲ್ಲರೂ ಹೊರಗೆ ಬರಲು ಐದು ನಿಮಿಷ ಬೇಕು. ಅಷ್ಟರಲ್ಲಿ ಎದುರಿನಿಂದ ಹತ್ತುವವರು ಬಂದಿರುತ್ತಾರೆ. 2017ರ ಸೆಪ್ಟೆಂಬರ್ 29ರಂದು ಮುಂಬೈನ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಪಾದಚಾರಿ ಸೇತುವೆಯಲ್ಲಿ ಕಾಲ್ತುಳಿತವಾಗಿ 20ಕ್ಕೂ ಹೆಚ್ಚು ಜನ ಸತ್ತರು. ಆಗ ಮಳೆ ಬರುತ್ತಿತ್ತು. ಸೂರಿಗಾಗಿ ಮೆಟ್ಟಿಲಲ್ಲಿ ನಿಂತವರೂ ಇದ್ದರು. ಆದ್ದರಿಂದ ಮೆಟ್ಟಿಲಿನ ಬುಡದಲ್ಲಿ ಮಳೆಗೆ ನಿಲ್ಲಲು ಬೇರೆ ಜಾಗ ಇರಬೇಕು ಅಂತ ಕೇಳುವುದು ಐಷಾರಾಮಿ ಬೇಡಿಕೆ ಏನಲ್ಲ.

ಪಾರ್ಕಿಂಗ್ ವಿಚಾರಕ್ಕೆ ಬರೋಣ. ಸಂಘದವರ ಜೊತೆ ಜಗಳ ಬೇಡ, ಲೆಕ್ಕ ತೋರಿಸಿ. ಓಡಾಡುವ ಜಾಗ ಸೇರಿ ಒಂದು ಕಾರಿಗೆ ಸುಮಾರು 25 ಚದರ ಮೀಟರ್ ಬೇಕು. 100 ಕಾರಿಗೆ ಅರ್ಧ ಎಕರೆಗಿಂತ ಜಾಸ್ತಿ. ಆ 100 ಕಾರಿನಲ್ಲಿ ಬಂದವರನ್ನೆಲ್ಲ ಸೇರಿಸಿದರೂ ದಟ್ಟಣೆ ಹೊತ್ತಿನಲ್ಲಿ ಒಂದು ಬೋಗಿಯ ಅರ್ಧ ತುಂಬುವುದು ಕಷ್ಟ. ಅದೇ ಅರ್ಧ ಎಕರೆ ಬಾಗಿಲ ಮುಂದೆ ಖಾಲಿ ಸಿಕ್ಕರೆ ಬಿಎಂಟಿಸಿ ಬಸ್ಸು, ಆಟೋ, ಹೂವಿನವರು, ಎಳನೀರಿನವರು ಎಲ್ಲರಿಗೂ ಜಾಗ ಆಗುತ್ತದೆ. ಬಸ್ ನಿಲ್ದಾಣ ಬಾಗಿಲಿಗೆ ತೀರಾ ಹತ್ತಿರ ಇರಲಿ. ಆಟೋ, ಕ್ಯಾಬ್ ಐವತ್ತು ಮೀಟರ್ ಪಕ್ಕಕ್ಕೆ. ಸ್ಕೂಟರ್ ಪಾರ್ಕಿಂಗ್ ಬೇಕೇ ಬೇಕು, ಅದರಲ್ಲಿ ನನ್ನದೇನೂ ತಕರಾರಿಲ್ಲ. ಕಾರು ಇನ್ನೂ ದೂರ ನಿಲ್ಲಲಿ.

ಫುಟ್‌ಪಾತ್ ಬಗ್ಗೆ ಐಆರ್‌ಸಿ 103 ಅನ್ನುವ, ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಇದೆ. 2012ರ ಆವೃತ್ತಿಯಲ್ಲೇ ವಸತಿ ಪ್ರದೇಶಕ್ಕೆ ಕನಿಷ್ಠ 1.8 ಮೀಟರ್, ವಾಣಿಜ್ಯ ಪ್ರದೇಶಕ್ಕೆ 2.5 ಮೀಟರ್ ಅಂತ ಇದೆ. ಇದು ಅಡೆತಡೆ ಬಿಟ್ಟು ಉಳಿಯುವ ಅಗಲ ಅನ್ನುವುದನ್ನು ಪತ್ರದಲ್ಲಿ ಬಿಡಿಸಿ ಬರೆಯಿರಿ. ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್, ಕೇಬಲ್ ಡಬ್ಬ, ಮರ ಎಲ್ಲವನ್ನೂ ಸೇರಿಸಿಯೇ ಅಳೆಯುತ್ತಾರೆ. ಫುಟ್‌ಪಾತಿನ ಎತ್ತರ 15 ಸೆಂಟಿಮೀಟರ್ ಮೀರಬಾರದು. ಎತ್ತರ ಜಾಸ್ತಿ ಮಾಡಿದರೆ ಬೈಕ್ ಹತ್ತಲ್ಲ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಬೈಕ್ ಹತ್ತೇ ಹತ್ತುತ್ತದೆ, ಅಜ್ಜಿ ಹತ್ತಲ್ಲ. ವಾಹನ ತಡೆಯುವ ಗಿಡ್ಡ ಕಂಬ, ಅಂದರೆ ಬೊಲಾರ್ಡ್ ಹಾಕಿದರೂ ಒಂದು ಪೇಚು. ಗಾಲಿಕುರ್ಚಿಗೆ 90 ಸೆಂಟಿಮೀಟರ್ ಸಂದು ಬಿಡಬೇಕು, ಅಷ್ಟರಲ್ಲಿ ಸ್ಕೂಟರ್ ಆರಾಮಾಗಿ ನುಗ್ಗುತ್ತದೆ. ಇದಕ್ಕೆ ವಿನ್ಯಾಸದಲ್ಲಿ ಪೂರ್ತಿ ಪರಿಹಾರ ಇಲ್ಲ, ಪೊಲೀಸರು ದಂಡ ಹಾಕಲೇಬೇಕು.

ಒಂದು ಮುಖ್ಯ ಮಾತು ನಿಮ್ಮ ಸಂಘಕ್ಕೇ ಸಂಬಂಧಿಸಿದ್ದು. ನಿಮ್ಮದು ಗೇಟು ಹಾಕಿದ ಬಡಾವಣೆ ಅಂದಿದ್ದೀರಿ. ಅನುಮೋದನೆಯಾದ ಬಡಾವಣೆಯ ರಸ್ತೆಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟಿರುತ್ತಾರೆ. ಅದು ಸಂಘದ ಆಸ್ತಿ ಅಲ್ಲ. ಹಿಂದಿನ ಗೋಡೆ ದಾಟಿದರೆ ನಿಲ್ದಾಣ ಐದು ನಿಮಿಷ, ಮುಂದಿನ ಗೇಟಿನಿಂದ ಸುತ್ತಿದರೆ ಇಪ್ಪತ್ತು ನಿಮಿಷ ಅನ್ನುವ ಪರಿಸ್ಥಿತಿ ನಿಮ್ಮಲ್ಲೂ ಇರಬಹುದು. ಹಳೇ ಕೋಟೆಗಳಿಗೆ ದಿಡ್ಡಿ ಬಾಗಿಲು ಇರುತ್ತಿತ್ತಲ್ಲ, ಹಾಗೆ ಒಬ್ಬರು ನಡೆದು ಹೋಗುವಷ್ಟು ಸಣ್ಣ ಗೇಟು ಹಿಂದಿನ ಗೋಡೆಯಲ್ಲಿ ತೆರೆಯಿರಿ. ಅಕ್ಕಪಕ್ಕದ ಬೀದಿಯವರೂ ಅದರಲ್ಲಿ ಓಡಾಡಲಿ. ಕಳ್ಳರ ಭಯ ಅಂತಾರೆ. ಬೆಳಗ್ಗೆಯಿಂದ ರಾತ್ರಿವರೆಗೆ ಜನ ಓಡಾಡುವ ದಾರಿಗಿಂತ ಖಾಲಿ ಬಿದ್ದ ಹಿತ್ತಲ ಗೋಡೆಯೇ ನನಗೆ ಜಾಸ್ತಿ ಭಯ.

ಪತ್ರ ಯಾರಿಗೆ ಅನ್ನುವುದೂ ಮುಖ್ಯ. ನಿಲ್ದಾಣದ ಗೇಟಿನ ಒಳಗೆ ಕೆ-ರೈಡ್. ಒಂದು ಹೆಜ್ಜೆ ಆಚೆ ಬಂದರೆ ರಸ್ತೆ ಪಾಲಿಕೆಯದ್ದೋ ಪಂಚಾಯಿತಿಯದ್ದೋ. ಕಂಬ ಬೆಸ್ಕಾಂ, ಸಿಗ್ನಲ್ ಟ್ರಾಫಿಕ್ ಪೊಲೀಸ್. ಎಲ್ಲರಿಗೂ ಒಂದೇ ಪತ್ರದ ಪ್ರತಿ ಕಳಿಸಿ, ಡಲ್ಟ್‌ಗೂ ಒಂದು ಕಳಿಸಿ. ಡಲ್ಟ್ ಅಂದರೆ ನಗರ ಭೂಸಾರಿಗೆ ನಿರ್ದೇಶನಾಲಯ, ಅದರ ಕೆಲಸವೇ ಇದು. ಎಲ್ಲರನ್ನೂ ಒಟ್ಟಿಗೆ ಕರೆದು ಒಂದು ಬಾರಿ ಜಾಗದಲ್ಲೇ ನಡೆಸಿ. ಕಚೇರಿ ಮೇಜಿನ ಮೇಲೆ ನಕ್ಷೆ ಹರಡಿದರೆ 600 ಮೀಟರ್ ಒಂದು ಗೇಣು ಕಾಣುತ್ತದೆ.

ಇನ್ನೊಂದು ವಿಷಯ, ಕಾಮಗಾರಿ ಶುರುವಾದ ಮೇಲೆ. ಬ್ಯಾರಿಕೇಡ್ ಹಾಕುವಾಗ ಮೊದಲು ಹೋಗುವುದು ಫುಟ್‌ಪಾತ್, ಅದೂ ವರ್ಷಗಟ್ಟಲೆ. ತಾತ್ಕಾಲಿಕ ಕಾಲುದಾರಿ, ರಾತ್ರಿ ದೀಪ ಸಮೇತ, ಗುತ್ತಿಗೆಯ ಷರತ್ತಿನಲ್ಲೇ ಇರಬೇಕು ಅಂತ ಈಗಲೇ ಕೇಳಿ. ಜಿಎಡಿ ಸಿಕ್ಕಿದರೆ ಅದರ ಫೋಟೊ ಇಲ್ಲೇ ಹಾಕಿ, ಬಾಗಿಲುಗಳ ಜಾಗ ನೋಡಿ ಹೇಳ್ತೀನಿ.