ಹಟ ಮಗುವಿನದು, ತರಬೇತಿ ನಮಗೇಕೆ?

ಪ್ರಶ್ನೆ: ಮಗನಿಗೆ 5 ವರ್ಷ. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇದೆ ಎಂದ ವೈದ್ಯರು ಮಾತ್ರೆ ಬರೆಯಲಿಲ್ಲ, ‘ಮೊದಲು ಅಪ್ಪ ಅಮ್ಮ ತರಬೇತಿಗೆ ಬನ್ನಿ’ ಎಂದರು. ಮೊಬೈಲ್ ಕೊಡದಿದ್ದರೆ ನೆಲಕ್ಕೆ ಬಿದ್ದು ಹೊರಳಾಡುತ್ತಾನೆ. ನಾಲ್ಕು ದಿನ ಗಮನ ಕೊಡದೆ ನೋಡಿದೆವು, ಹಟ ಇನ್ನೂ ಜೋರಾಯಿತು. ನೋಡಲಾಗದೆ ಅಜ್ಜಿ ಮೊಬೈಲ್ ಕೊಟ್ಟುಬಿಡುತ್ತಾರೆ. ನಾವೇನು ತಪ್ಪು ಮಾಡಿದ್ದೇವೆ?

ಉತ್ತರ: ಎಡಿಎಚ್‌ಡಿ ನಿಮ್ಮ ತಪ್ಪಿನಿಂದ ಬಂದದ್ದಲ್ಲ. ವೈದ್ಯರ ಸಲಹೆಯೂ ಸರಿಯಾಗಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2019ರ ಮಾರ್ಗಸೂಚಿ ಕೂಡ ಈ ವಯಸ್ಸಿಗೆ ಮೊದಲ ಚಿಕಿತ್ಸೆಯಾಗಿ ಪೋಷಕರ ತರಬೇತಿಯನ್ನೇ ಹೇಳುತ್ತದೆ. ಹಟ ಬರುವುದು ಊಟದ ತಟ್ಟೆಯ ಮುಂದೆ, ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ. ಆಗ ಅವನ ಜೊತೆ ಇರುವವರು ನೀವು, ಚಿಕಿತ್ಸಕರಲ್ಲ.

ನಾಲ್ಕು ದಿನಕ್ಕೆ ಹಟ ಜೋರಾದದ್ದು ನಿರೀಕ್ಷಿತವೇ. ಇಷ್ಟು ದಿನ ಅಳು ಫಲ ಕೊಡುತ್ತಿತ್ತು. ಕೊಡದೇ ಹೋದಾಗ ಮಗು ಅದನ್ನು ಬಿಡುವ ಮೊದಲು ಇನ್ನಷ್ಟು ಬಲವಾಗಿ ಪ್ರಯತ್ನಿಸುತ್ತದೆ. ಆ ತುದಿಯಲ್ಲಿ ಮೊಬೈಲ್ ಕೈಗೆ ಬಂದರೆ ಅವನು ಕಲಿಯುವ ಪಾಠ ಒಂದೇ: ಹತ್ತು ನಿಮಿಷ ಸಾಲದು, ಅರ್ಧ ಗಂಟೆ ಅಳಬೇಕು. ಒಮ್ಮೊಮ್ಮೆ ಮಾತ್ರ ಸೋತು ಕೊಟ್ಟರೆ ಹಟ ಬಿಡಿಸುವುದು ಇನ್ನೂ ಕಷ್ಟ.

ಆದರೆ ನೀವು ಕೊನೆಯ ಮೆಟ್ಟಿಲಿನಿಂದ ಶುರು ಮಾಡಿದ್ದೀರಿ. ಮೊದಲು ಬೇಕಾದದ್ದು ದಿನಕ್ಕೆ 5 ನಿಮಿಷದ ಆಟ. ಟಿವಿ, ಫೋನ್ ದೂರವಿಟ್ಟು ಬ್ಲಾಕ್ಸ್, ಬಣ್ಣದಂಥ ಆಟದಲ್ಲಿ ಅವನು ಮುಂದೆ, ನೀವು ಹಿಂದೆ. ಅವನು ಮಾಡುವುದನ್ನು ಮಾತಿನಲ್ಲಿ ಹೇಳಿ, ಅವನ ಮಾತನ್ನು ಮರಳಿ ಹೇಳಿ, ಹೊಗಳಿ. ಅಮೆರಿಕದ ಮನೋವಿಜ್ಞಾನಿ ಶೀಲಾ ಐಬರ್ಗ್ 1970ರ ದಶಕದಲ್ಲಿ ರೂಪಿಸಿದ ಪಿಸಿಐಟಿ (ಪೋಷಕರು-ಮಗುವಿನ ಒಡನಾಟದ ಚಿಕಿತ್ಸೆ) ಪದ್ಧತಿಯಲ್ಲಿ ಈ ಮೂರೂ 5 ನಿಮಿಷದಲ್ಲಿ ತಲಾ 10 ಬಾರಿ ಬರಬೇಕು. ಪ್ರಶ್ನೆ, ಆಜ್ಞೆ, ಟೀಕೆ ಎಲ್ಲ ಸೇರಿ 3 ಮೀರಬಾರದು. ಕೇಳಲು ಸುಲಭ, ಮಾಡಲು ಕೂತರೆ ಬಾಯಿಂದ ಬರೀ ‘ಇದು ಯಾವ ಬಣ್ಣ?’ ಬರುತ್ತದೆ!

ಹೊಗಳಿಕೆಯಲ್ಲಿ ‘ಜಾಣ’ ಎಂದರೆ ಸಾಲದು. ‘ಕರೆದ ತಕ್ಷಣ ಬಂದೆಯಲ್ಲ, ಖುಷಿಯಾಯ್ತು’ ಎಂದು ಕೆಲಸವನ್ನು ಹೆಸರಿಸಿ. ‘ದಿನಾ ಹೀಗೇ ಇರಬಾರದಾ?’ ಎಂಬ ಬಾಲ ಸೇರಿಸಿದರೆ ಹೊಗಳಿಕೆ ಬೈಗುಳವಾಗುತ್ತದೆ.

ಕೆಲಸ ಹೇಳುವಾಗ ಹತ್ತಿರ ಹೋಗಿ, ಒಂದೇ ಮಾತು: ‘ಚಪ್ಪಲಿ ಹಾಕಿಕೋ.’ ‘ಹಾಕಿಕೊಳ್ತೀಯಾ?’ ಎಂದರೆ ‘ಇಲ್ಲ’ ಎನ್ನುವುದಕ್ಕೂ ದಾರಿ ಕೊಟ್ಟಂತೆ. ಹೇಳಿದ ಮೇಲೆ 5 ಸೆಕೆಂಡ್ ಸುಮ್ಮನಿರಿ. ಹೆಚ್ಚಿನವರು ಎಡವುವುದು ಇಲ್ಲಿಯೇ: ಎರಡನೇ ಸೆಕೆಂಡಿಗೇ ಮತ್ತೆ ಹೇಳುತ್ತಾರೆ.

ಒಂದೆರಡು ವಾರ ಇದು ರೂಢಿಯಾದ ಮೇಲೆ ಹಟಕ್ಕೆ ಗಮನ ನಿಲ್ಲಿಸಿ. ನೋಟವಿಲ್ಲ, ಮಾತಿಲ್ಲ, ನಿಟ್ಟುಸಿರೂ ಇಲ್ಲ. ಅಳು ನಿಂತು ಕೆಲವು ಸೆಕೆಂಡಿನಲ್ಲೇ ಗಮನ ಮರಳಿ ಕೊಡಿ. ಈ ಎರಡನೇ ಭಾಗ ಬಿಟ್ಟುಹೋದರೆ ಉಳಿಯುವುದು ಬರೀ ಮುನಿಸು. ಹೊಡೆಯುವುದು, ಕಚ್ಚುವುದು, ತಲೆ ಚಚ್ಚಿಕೊಳ್ಳುವುದನ್ನು ಮಾತ್ರ ಕಡೆಗಣಿಸಬೇಡಿ, ತಕ್ಷಣ ತಡೆಯಿರಿ.

ಅಜ್ಜಿಯನ್ನು ದೂರಬೇಡಿ, ಅವರ ಕೈಗೇ ಕೆಲಸ ಕೊಡಿ. ಊಟ ಮುಗಿದ ಮೇಲೆ 20 ನಿಮಿಷ ಮೊಬೈಲ್ ಎಂದು ಗೊತ್ತುಮಾಡಿ, ಟೈಮರ್ ಇಟ್ಟು ಅದನ್ನು ಅವರೇ ಕೊಡಲಿ. ಅಕ್ಕರೆಗೆ ಕೊರತೆಯಾಗದು, ಅಳುವಿಗೆ ಪ್ರತಿಫಲವೂ ಸಿಗದು.

ಪ್ರತಿ ಹಟ ಎಷ್ಟು ನಿಮಿಷ ನಡೆಯಿತೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ, ಮುಂದಿನ ತರಬೇತಿಗೆ ಅದನ್ನೇ ಒಯ್ಯಿರಿ. ನಡುವೆ ನಿಮಗೇ ತಾಳ್ಮೆ ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.